ಇರುವೆ ಮುತ್ತಿದ ಸೀಸೆ

ನಮ್ಮೂರಿನಲ್ಲಿ ಎಣ್ಣೆ ಮೂರನೇ ದಿನಕ್ಕೆ ಸಿಹಿಯಾಗುತ್ತದೆ. ಎಣ್ಣೆಯೊಂದೇ ಅಲ್ಲ, ಬೆಣ್ಣೆ, ತುಪ್ಪ, ಗಾಡಿಯ ಅಚ್ಚಿಗೆ ಬಳಿಯುವ ಕರೀ ಜಿಡ್ಡು, ಎಲ್ಲದರದ್ದೂ ಅದೇ ಪಾಡು. ಮೊದಲ ದಿನ ಅದರದರ ರುಚಿಯೇ ಇರುತ್ತದೆ. ಎರಡನೇ ದಿನ ನಾಲಿಗೆಯ ತುದಿಗೆ ಏನೋ ಒಂದು ಅನುಮಾನ ಬರುತ್ತದೆ. ಮೂರನೇ ದಿನ ಬೆಳಿಗ್ಗೆ ಬೆರಳದ್ದಿ ನೆಕ್ಕಿದರೆ ಬೆಲ್ಲದ ನೀರು. ನಾನು ಗಾಣದವನು, ಹೆಸರು ಮುದ್ದಯ್ಯ. ನಮ್ಮಪ್ಪನೂ ಗಾಣದವನೇ. ಹುಚ್ಚೆಳ್ಳು, ಹರಳು, ಕಡಲೆಕಾಯಿ ಆಡಿಸಿ ಇಡೀ ಊರಿಗೆ ಎಣ್ಣೆ ಕೊಟ್ಟ ಮನೆ ನಮ್ಮದು. ಜಿಡ್ಡಿನ ವಿಷಯ ನನಗಿಂತ ಬಲ್ಲವರು ಈ ಸೀಮೆಯಲ್ಲಿ ಇಲ್ಲ ಎಂದು ಬಹಳ ಕಾಲ ನಂಬಿಕೊಂಡಿದ್ದೆ. ಈಗ ಯಾರಾದರೂ ಕೇಳಿದರೆ ಬೇರೆ ಮಾತು ತೆಗೆಯುತ್ತೇನೆ.

ಹೊರಗಿನಿಂದ ಬಂದವರಿಗೆ ಇದು ವಿಚಿತ್ರ. ನಮಗೆ ಹಾಗಲ್ಲ. ನಮ್ಮ ಉಪ್ಪಿನಕಾಯಿಗೆ ಎಣ್ಣೆ ಹಾಕುವುದಿಲ್ಲ, ಉಪ್ಪುನೀರೇ. ತಲೆಗೆ ಹಚ್ಚಿಕೊಂಡ ಎಣ್ಣೆಯನ್ನು ಮಾರನೇ ದಿನ ಸಂಜೆಯೊಳಗೆ ಸೀಗೆಪುಡಿ ಹಾಕಿ ತೊಳೆದುಬಿಡಬೇಕು. ಮರೆತ ಹೆಂಗಸಿನ ಜಡೆಯ ತುದಿಯಿಂದ ನೆತ್ತಿಯವರೆಗೆ ಇರುವೆಯ ಸಾಲು ಹತ್ತಿರುತ್ತದೆ. ಮದುವೆ ಮನೆಯಲ್ಲಿ ಪಾಯಸಕ್ಕೆ ಬೆಲ್ಲ ಹಾಕುವ ಪದ್ಧತಿಯಿಲ್ಲ, ಮೂರು ದಿನ ಇಟ್ಟ ತುಪ್ಪ ಸುರಿದರೆ ಸಾಕು. ಗಾಡಿಯ ಅಚ್ಚಿನ ಜಿಡ್ಡನ್ನು ಇರುವೆಗಳು ತಿಂದುಹಾಕುವುದರಿಂದ ನಮ್ಮ ಗಾಡಿಗಳು ಸದಾ ಕಿರುಗುಟ್ಟುತ್ತವೆ. ಸಂತೆಯ ದಾರಿಯಲ್ಲಿ ಅರ್ಧ ಮೈಲಿಯಿಂದಲೇ, ಇದು ಇಂಥ ಊರಿನ ಗಾಡಿ ಎಂದು ಜನ ಗುರುತಿಸುತ್ತಾರೆ.

ಇಷ್ಟೇ ಆಗಿದ್ದರೆ ಕಷ್ಟವೇನೂ ಇರಲಿಲ್ಲ. ಆದರೆ ಕೆಲವರಿಗೆ ಮೈಯೊಳಗಿನ ಜಿಡ್ಡೂ ಸಿಹಿಗೆ ತಿರುಗುತ್ತದೆ. ಮೊದಲು ಒಣಕೆಮ್ಮು. ಆಮೇಲೆ ಸಂಜೆಯ ಜ್ವರ. ಕೆಮ್ಮು ಇಪ್ಪತ್ತು ದಿನ ದಾಟಿತೆಂದರೆ ಮನೆಯವರು ಹೋಗಿ ಚಿಕ್ಕೀರಯ್ಯನಿಗೆ ಹೇಳಬೇಕು. ಅವನು ಬಂದು ರೋಗಿಯ ಮಂಚದ ಸುತ್ತ ರಾಗಿಹಿಟ್ಟಿನಿಂದ ಒಂದು ಗೆರೆ ಎಳೆಯುತ್ತಾನೆ. ಬಂದ ಇರುವೆ ಹಿಟ್ಟಿನ ಹತ್ತಿರ ನಿಂತು ಅದನ್ನೇ ಹೊತ್ತುಕೊಂಡು ಹಿಂತಿರುಗಿದರೆ ಬರೀ ನೆಗಡಿಯ ಕೆಮ್ಮು. ಹಿಟ್ಟನ್ನು ಮೂಸಿಯೂ ನೋಡದೆ ದಾಟಿ ಮಂಚದ ಕಾಲು ಹತ್ತಿದರೆ ಎದೆಯಲ್ಲಿ ಜಿಡ್ಡನ್ನು ಸಿಹಿ ಮಾಡುವ ಬೂಷ್ಟು ಕೂತಿದೆ ಎಂದು ಅರ್ಥ. ಹಾಗೆ ಅರ್ಥವಾದವರು ಕೆರೆ ಏರಿಯ ಆಚೆಗಿರುವ ಕಟ್ಟೆಮನೆಗೆ ಹೋಗಬೇಕು. ಅಲ್ಲಿ ಸಾಲಾಗಿ ಆರು ಕೋಣೆಗಳಿವೆ. ಅನ್ನ ನೀರು ಮನೆಯವರು ಕೊಂಡುಹೋಗಿ ಕೊಡಬಹುದು, ಊರೊಳಕ್ಕೆ ಅವರು ಬರುವಂತಿಲ್ಲ. ಹೋದವರು ತಿರುಗಿ ಬಂದದ್ದನ್ನು ಹೋದ ವರ್ಷದವರೆಗೆ ನಾನು ಕಂಡಿರಲಿಲ್ಲ, ನಮ್ಮಪ್ಪನೂ ಕಂಡಿರಲಿಲ್ಲ.

ಹೋದ ವರ್ಷ ಹುಚ್ಚೆಳ್ಳು ಹೂಬಿಟ್ಟಿದ್ದಾಗ ನಮ್ಮಕ್ಕ ಕೆಂಪೀರಮ್ಮನಿಗೆ ಕೆಮ್ಮು ಶುರುವಾಯಿತು.

ಅಕ್ಕ ನನಗಿಂತ ಒಂಬತ್ತು ವರ್ಷಕ್ಕೆ ದೊಡ್ಡವಳು. ಭಾವ ತೀರಿಕೊಂಡ ಮೇಲೆ ನಮ್ಮ ಮನೆಗೇ ಬಂದು, ಗಾಣದ ಎತ್ತಿನ ಹಿಂದೆ ಸುತ್ತುವುದರಿಂದ ಹಿಡಿದು ಹಿಂಡಿ ತೂಗುವವರೆಗೆ ಎಲ್ಲವನ್ನೂ ತನ್ನ ಕೈಗೆ ತೆಗೆದುಕೊಂಡವಳು. ಅವಳ ಬಾಯಿಗೆ ಹೆದರಿ ಎಣ್ಣೆಗೆ ಬಂದವರು ಪಾತ್ರೆ ತೊಳೆದುಕೊಂಡೇ ಬರುತ್ತಿದ್ದರು. ನನಗೆ ಹೆಂಡತಿಯಿಲ್ಲ, ಮಕ್ಕಳಿಲ್ಲ. ಮನೆಯೊಳಗೆ ಮಾತೆಂಬುದಿದ್ದರೆ ಅದು ಅಕ್ಕನದು. ಅವಳ ಕೆಮ್ಮಿಗೆ ಹನ್ನೆರಡು ದಿನವಾದಾಗ ನಾನು ದಿನ ಎಣಿಸುತ್ತಿರುವುದು ಅವಳಿಗೆ ಗೊತ್ತಾಯಿತು. ನೀನು ಎಣಿಸುವುದು ಬಿಟ್ಟರೆ ನಾನು ಕೆಮ್ಮುವುದು ಬಿಡುತ್ತೇನೆ ಎಂದಳು.

ಆ ಹೊತ್ತಿಗೆ ಹಳೇ ಅಂಚೆಮನೆಗೆ ಮಂದಾಕಿನಿ ಎಂಬ ಹೆಣ್ಣುಮಗಳು ಬಂದು ಎರಡು ವರ್ಷವಾಗಿತ್ತು. ನಾವೆಲ್ಲ ಡಾಕ್ಟ್ರಮ್ಮ ಎನ್ನುತ್ತಿದ್ದೆವು, ಆದರೆ ಆಕೆ ಸೂಜಿ ಚುಚ್ಚುವ ಡಾಕ್ಟರಲ್ಲ. ಗಾಜಿನ ಬಿಲ್ಲೆಗಳಲ್ಲಿ ಬೂಷ್ಟು ಬೆಳೆಸಿ ಅದನ್ನು ನೋಡುತ್ತಾ ಕೂರುವುದು ಆಕೆಯ ಕೆಲಸ. ನಮ್ಮ ಗಾಣಮನೆಯ ಮೂಲೆಯಿಂದಲೂ ಚಮಚದಲ್ಲಿ ಕೆರೆದುಕೊಂಡು ಹೋಗಿದ್ದರು. ಅಕ್ಕನ ಕೆಮ್ಮು ಕೇಳಿ ಒಂದು ಮಧ್ಯಾಹ್ನ ತಾವಾಗಿಯೇ ಬಂದು ಜಗಲಿಯ ಮೇಲೆ ಕೂತರು. ಎಲೆಯಡಿಕೆ ಬೇಡವೆಂದರು, ಹುರಿದ ಕಡಲೆಕಾಯಿ ತಿಂದರು. ತಿನ್ನುತ್ತಲೇ ಹೇಳಿದರು. ಬೂಷ್ಟಿನೊಳಗೆ ಕಣ್ಣಿಗೆ ಕಾಣದ ಆಳುಗಳಿದ್ದಾರಂತೆ. ಕಿಣ್ವ ಎಂದು ಹೆಸರಂತೆ. ಒಬ್ಬೊಬ್ಬ ಆಳಿಗೆ ಒಂದೊಂದೇ ಕೆಲಸ. ಒಬ್ಬ ಸಕ್ಕರೆಯ ಒಂದು ಚೂರನ್ನು ತಂದು ಜಿಡ್ಡಿನ ಒಂದು ಚೂರಿಗೆ ಅಂಟಿಸುತ್ತಾನೆ. ಇನ್ನೊಬ್ಬ, ಬೇಡವಾದಾಗ ಆ ಸಕ್ಕರೆಯನ್ನು ಬಿಚ್ಚಿ ತೆಗೆಯುತ್ತಾನೆ. ಹಾಗೆ ಕೂಡಿಸಿದ ಸಕ್ಕರೆಜಿಡ್ಡನ್ನು ಬೂಷ್ಟು ಮೈಗೆ ಹೊದ್ದುಕೊಳ್ಳುತ್ತದೆ. ಅದರ ಬಲದಿಂದಲೇ ಮನುಷ್ಯರ ಎದೆಯೊಳಗೆ ಬೇರು ಬಿಡುತ್ತದೆ.

ಹಾಗಾದರೆ ಅಂಟಿಸುವವನ ಕೈ ಕಟ್ಟಿಬಿಡಿ ಎಂದೆ ನಾನು. ಅಂಥವನೇ ಒಬ್ಬ ಆಳು ನಮ್ಮ ಮೈಯಲ್ಲೂ ಇದ್ದಾನೆ, ನಮ್ಮವನ ಕೈ ಕಟ್ಟದೆ ಬೂಷ್ಟಿನವನ ಕೈ ಮಾತ್ರ ಕಟ್ಟುವ ಔಷಧ ಇನ್ನೂ ಸರಿಯಾಗಿ ಸಿಕ್ಕಿಲ್ಲ ಎಂದರು. ಅದಕ್ಕೇ ತಾವು ಬೇರೆ ದಾರಿ ಹಿಡಿದದ್ದಾಗಿ, ಬಿಚ್ಚುವವನೇ ಇಲ್ಲದ ಒಂದು ಬೂಷ್ಟಿನ ತಳಿಯನ್ನು ಮಾಡಿಕೊಂಡದ್ದಾಗಿ ಹೇಳಿದರು. ಅದೇ ಮದ್ದಂತೆ.

ಅಕ್ಕ ಒಳಗಿನಿಂದಲೇ ಕೇಳಿಸಿಕೊಳ್ಳುತ್ತಿದ್ದಳು. ಬಾಗಿಲಿಗೆ ಬಂದು ಹೇಳಿದಳು: "ಅಲ್ಲ ಕಣ್ ತಾಯಿ, ಮನೆಗೆ ಕನ್ನ ಹಾಕೋನ್ನ ಬುಟ್ಟು, ಅವನ ಮನೇಲಿ ಕಸ ಗುಡ್ಸೋಳನ್ನ ಕೆಲಸದಿಂದ ತೆಗೆದ್ರಾ?"

ಡಾಕ್ಟ್ರಮ್ಮ ಕಡಲೆಕಾಯಿ ಬಿಡಿಸುವುದನ್ನು ನಿಲ್ಲಿಸಿದರು. "ಹೌದಮ್ಮ, ಸರಿಯಾಗಿ ಹೇಳಿದ್ರಿ. ಕಸ ಗುಡಿಸೋರಿಲ್ಲದೆ ಅವನ ಮನೆ ತುಂಬಿ ಹೋಗುತ್ತೆ. ಕಾಲಿಡೋಕೆ ಜಾಗ ಇಲ್ಲದೋನು ಕನ್ನಕ್ಕೆಲ್ಲಿ ಹೋಗ್ತಾನೆ? ಆ ತುಂಬಿದ್ದರ ನಾತಕ್ಕೆ ನಿಮ್ಮ ಮೈ ಎಚ್ಚರ ಆಗುತ್ತೆ. ಆಮೇಲೆ ನಿಜವಾದ ಕಳ್ಳನನ್ನೂ ಹಿಡಿಯುತ್ತೆ."

ಇಲಿಗಳಲ್ಲಿ ಹಾಗಾಗಿದೆ, ಮನುಷ್ಯರಲ್ಲಿ ಗೊತ್ತಿಲ್ಲ ಎಂದೂ ಆಕೆ ಮುಚ್ಚುಮರೆಯಿಲ್ಲದೆ ಹೇಳಿದರು. ಮನುಷ್ಯರಿಗೆ ಕೊಡಲು ಮೇಲಿನವರ ಒಪ್ಪಿಗೆ ಪತ್ರ ಬೇಕು, ಎಂಟು ದಿನದಲ್ಲಿ ತರುತ್ತೇನೆ, ಅಷ್ಟರವರೆಗೆ ಗೆರೆ ಎಳೆಸಬೇಡಿ ಎಂದರು. ನಾನು ಲೆಕ್ಕ ಹಾಕಿದೆ. ಹನ್ನೆರಡು ಮತ್ತು ಎಂಟು, ಇಪ್ಪತ್ತು. ಕೂದಲೆಳೆಯಷ್ಟೇ ಜಾಗ.

ಅವತ್ತೇ ಸಂಜೆ ಹೊರಡುವಾಗ ಎರಡು ಗಾಜಿನ ಸೀಸೆಗಳನ್ನು ನನ್ನ ಕೈಗೆ ಕೊಟ್ಟರು. ಅಂಚೆಮನೆಯ ತಂಪುಪೆಟ್ಟಿಗೆ ಕೆಟ್ಟಿತ್ತು, ಊರಿನಲ್ಲಿ ಎಲ್ಲಕ್ಕಿಂತ ತಂಪಾದ ಜಾಗವೆಂದರೆ ನಮ್ಮ ಗಾಣಮನೆಯ ನೆಲದಡಿಯ ಹಗೇವು. ಹಿಂದೆ ರಾಗಿ ತುಂಬುತ್ತಿದ್ದ ಗುಂಡಿ ಅದು, ಈಗ ಮೆಟ್ಟಿಲು ಮಾಡಿಸಿ ಬಿತ್ತನೆ ಬೀಜ ಇಡುತ್ತೇವೆ. ಎರಡು ಸೀಸೆಗೂ ಮೇಣ ಮೆತ್ತಿದ ಗಟ್ಟಿ ಮುಚ್ಚಳ. ಒಂದರ ಮೇಲೆ 'ಸಾಧಾರಣ' ಎಂದು ಬರೆದ ಚೀಟಿ, ಅದು ರೋಗ ತರುವ ಬೂಷ್ಟು, ಹೋಲಿಸಿ ನೋಡಲು ಬೇಕಾದದ್ದು. ಇನ್ನೊಂದರ ಮೇಲೆ 'ಬಿಚ್ಚುವವನಿಲ್ಲದ್ದು' ಎಂಬ ಚೀಟಿ, ಅದು ಮದ್ದು. ಮೊದಲನೆಯದರ ಮುಚ್ಚಳ ಏನಾದರೂ ಸಡಿಲವಾದರೆ ತೆರೆಯಲು ಹೋಗದೆ ಸೀಸೆ ಸಮೇತ ಕುದಿಯುವ ನೀರಿಗೆ ಹಾಕಿಬಿಡಿ ಎಂದು ಎರಡು ಸಲ ಹೇಳಿದರು. ನಾನು ಎರಡು ಸಲ ತಲೆಯಾಡಿಸಿದೆ.

ಐದನೇ ದಿನ ಹರಳಿನ ಮೂಟೆ ತೆಗೆಯಲು ಇಳಿದವನು ಸೀಸೆಗಳನ್ನು ಪಕ್ಕಕ್ಕೆ ಸರಿಸಿ, ಮತ್ತೆ ಜಾಗಕ್ಕಿಟ್ಟು ಬಂದೆ. ಆಗ ಚೀಟಿಗಳಿದ್ದವು, ಹೌದು. ಏಳನೇ ದಿನ ಬೆಳಿಗ್ಗೆ ಇಳಿದು ನೋಡಿದರೆ ಚೀಟಿಗಳೆರಡೂ ನೆಲದ ಮೇಲೆ ಬಿದ್ದಿದ್ದವು. ಗಂಜಿಯಲ್ಲಿ ಅಂಟಿಸಿದ ಚೀಟಿ. ಗಂಜಿಯನ್ನೆಲ್ಲ ಇರುವೆ ತಿಂದಿತ್ತು. ಎರಡು ಸೀಸೆ, ಎರಡು ಚೀಟಿ, ಯಾವುದಕ್ಕೆ ಯಾವುದು ಎಂದು ಹೇಳುವವರಿಲ್ಲ. ಸೀಸೆಗಳಾದರೂ ಒಂದೇ ತೆರನವು, ಒಳಗಿನದೂ ಒಂದೇ ಬಣ್ಣದ ಬಿಳಿ ಕೆನೆ.

ಆದರೆ ಒಂದು ವ್ಯತ್ಯಾಸವಿತ್ತು. ಒಂದು ಸೀಸೆಯ ಮೇಲೆ ನಾಲ್ಕಾರು ಇರುವೆ ಸುಮ್ಮನೆ ಓಡಾಡುತ್ತಿದ್ದವು. ಇನ್ನೊಂದು ಸೀಸೆಗೆ ಗೋಡೆಯಿಂದ ಹೆಬ್ಬೆರಳ ದಪ್ಪದ ಸಾಲು ಬಂದು, ಕುತ್ತಿಗೆಯವರೆಗೆ ಮುತ್ತಿ, ಮುಚ್ಚಳದ ಮೇಣವನ್ನು ಕೆರೆಯುತ್ತಿತ್ತು. ಅಲ್ಲಲ್ಲಿ ಮೇಣ ತೆಳುವಾಗಿ ಬೆಳ್ಳಗೆ ಕಾಣುತ್ತಿತ್ತು.

ಹುಟ್ಟಿದಾಗಿನಿಂದ ಈ ಊರಿನಲ್ಲಿ ಇದ್ದವನು ನಾನು. ಇರುವೆ ಎಲ್ಲಿಗೆ ಹೋಗುತ್ತದೋ ರೋಗ ಅಲ್ಲಿದೆ. ಇದನ್ನು ಯೋಚನೆ ಮಾಡಿ ತಿಳಿಯಬೇಕಿಲ್ಲ, ಬೆಂಕಿ ಸುಡುತ್ತದೆ ಎನ್ನುವಷ್ಟು ಸಹಜ. ಮುಚ್ಚಳ ಸಡಿಲವಾಗುತ್ತಿರುವುದು ಕೆಟ್ಟ ಸೀಸೆಯದೇ ಎಂದು ಗೊತ್ತಾದ ಮೇಲೆ ತಡಮಾಡಲಿಲ್ಲ. ಒದ್ದೆ ಬಟ್ಟೆಯಲ್ಲಿ ಸುತ್ತಿ ಮೇಲೆ ತಂದೆ. ಹಿತ್ತಿಲ ಒಲೆಯ ಮೇಲೆ ತಾಮ್ರದ ಹಂಡೆಯಲ್ಲಿ ನೀರು ಕುದಿಸಿ ಅದರೊಳಗೆ ಇಳಿಬಿಟ್ಟೆ. ಎರಡು ಗಳಿಗೆ ಕುದಿಸಿದೆ. ಅಕ್ಕ ಕಂಬಕ್ಕೆ ಒರಗಿ ಕೂತು ನೋಡುತ್ತಿದ್ದಳು. ಆರಿದ ಮೇಲೆ ಸೀಸೆಯನ್ನು ತಿಪ್ಪೆಯಲ್ಲಿ ಹೂಳಲು ಹೊರಟೆ. ಪರರ ಸಾಮಾನು, ಒಡೆದಿದ್ದರೂ ಅವರ ಕೈಗೇ ಕೊಡಬೇಕು ಎಂದು ಅಕ್ಕ ಕಿತ್ತುಕೊಂಡು ಗೋಡೆಯ ಮಾಡಿನಲ್ಲಿಟ್ಟಳು. ಒಂದು ಗಂಡಾಂತರ ತಪ್ಪಿಸಿದೆನೆಂದು ನನಗೆ ಹಗುರವಾಗಿತ್ತು. ಬಹಳ ದಿನದ ಮೇಲೆ ಅವತ್ತು ಎರಡು ಮುದ್ದೆ ಉಂಡೆ.

ಮಾರನೇ ದಿನ ಡಾಕ್ಟ್ರಮ್ಮ ಬಸ್ಸಿನಿಂದ ಇಳಿದವರು ಅಂಚೆಮನೆಗೂ ಹೋಗದೆ ನೇರ ನಮ್ಮಲ್ಲಿಗೆ ಬಂದರು. ಕೈಯಲ್ಲಿ ಪತ್ರವಿತ್ತು. ನಾನು ನಡೆದದ್ದನ್ನೆಲ್ಲ ಹೆಮ್ಮೆಯಿಂದಲೇ ಹೇಳಿದೆ. ಯಾವ ಸೀಸೆ ಎಂದು ಹೇಗೆ ತಿಳಿಯಿತು ಎಂದು ಕೇಳಿದರು. ಇರುವೆ ಮುತ್ತಿದ್ದು ಎಂದೆ.

ಆಕೆ ಗಾಣದ ಪಕ್ಕದ ಕಲ್ಲಿನ ಮೇಲೆ ಕೂತರು. ಎತ್ತು ಸುತ್ತುತ್ತಲೇ ಇತ್ತು, ಅದನ್ನು ನಿಲ್ಲಿಸುವ ಯೋಚನೆಯೂ ನನಗೆ ಬರಲಿಲ್ಲ.

"ಮುದ್ದಯ್ಯನವರೇ, ಸಕ್ಕರೆ ಬಿಚ್ಚೋನು ಇಲ್ಲದ ಮನೇಲಿ ಸಕ್ಕರೆ ಹೆಚ್ಚೋ ಕಡಿಮೆಯೋ?"

ಆಗ ನನಗೆ ತಿಳಿಯಿತು. ಅಕ್ಕ ಅವತ್ತೇ ತನ್ನ ಮಾತಿನಲ್ಲಿ ಆಡಿ ತೋರಿಸಿದ್ದಳು, ಆಕೆಯೂ ಒಪ್ಪಿದ್ದರು, ನಾನು ಕಡಲೆಕಾಯಿ ಬಿಡಿಸುತ್ತಾ ಕೇಳಿದ್ದೆ. ತುಂಬಿದ ಮನೆ ಮದ್ದಿನದು. ಇರುವೆ ಆ ತುಂಬಿದ ಮನೆಗೇ ಹೋಗಿತ್ತು. ನಾನು ಅಕ್ಕನ ಮದ್ದನ್ನು ಕುದಿಸಿಬಿಟ್ಟಿದ್ದೆ. ಹೊಸದಾಗಿ ಬೆಳೆಸಲು ಮೂರು ತಿಂಗಳು ಬೇಕು ಎಂದರು ಆಕೆ. ಅವತ್ತಿಗೆ ಅಕ್ಕನ ಕೆಮ್ಮಿಗೆ ಇಪ್ಪತ್ತು ದಿನ. ನಾನು ಕಾಲು ಹಿಡಿಯಲು ಬಗ್ಗಿದೆ, ಆಕೆ ಹಿಂದಕ್ಕೆ ಸರಿದರು. ಅಕ್ಕ ಮಾತ್ರ ಎದ್ದು ಹೋಗಿ ಮಾಡಿನಿಂದ ಸೀಸೆ ತಂದು, ಸೆರಗಿನಲ್ಲಿ ಒರೆಸಿ, ಆಕೆಯ ಮುಂದಿಟ್ಟಳು.

"ಸತ್ತ ಕಳ್ಳನ ನಾತ ಹೋಗ್ತದಾ ತಾಯಿ? ಇನ್ನೂ ಹೆಚ್ಚೇ ಅಲ್ವಾ?"

ಡಾಕ್ಟ್ರಮ್ಮ ಅಕ್ಕನ ಮುಖವನ್ನೇ ನೋಡಿದರು. ಆಮೇಲೆ ಸೀಸೆಯನ್ನು ಬೆಳಕಿಗೆ ಹಿಡಿದರು. ಬೇಯಿಸಿದ ಬೂಷ್ಟಿನಿಂದಲೂ ಮೈಗೆ ಕಳ್ಳನ ಗುರುತು ಹತ್ತುವುದುಂಟು, ಸಕ್ಕರೆಜಿಡ್ಡು ಬೇಯಿಸಿದರೂ ಉಳಿಯುತ್ತದೆ, ಆದರೆ ಈ ಪತ್ರ ಬದುಕಿರುವ ಮದ್ದಿಗೆ ಕೊಟ್ಟದ್ದು, ಸತ್ತದ್ದರ ಮಾತು ಇದರಲ್ಲಿಲ್ಲ ಎಂದು ತಮ್ಮಷ್ಟಕ್ಕೆ ಎಂಬಂತೆ ಹೇಳಿಕೊಂಡರು. ಸತ್ತದ್ದು ಬದುಕಿದ್ದಕ್ಕಿಂತ ಸಾಧುವಲ್ಲವೇ ಎಂದು ನಾನು ಕೇಳಿದೆ. ಇರಬಹುದು, ಆದರೂ ನನಗೆ ಗೊತ್ತಿಲ್ಲ ಎಂದರು. ಆಕೆಗೂ ಗೊತ್ತಿಲ್ಲದ ವಿಷಯಗಳಿವೆ ಎಂಬುದೇ ಅವತ್ತು ನನ್ನನ್ನು ಹೆಚ್ಚು ಹೆದರಿಸಿತು. ಕೊನೆಗೆ ಅಕ್ಕನೇ ಬೇಕೆಂದು ಹೆಬ್ಬೆಟ್ಟೊತ್ತಿದ ಮೇಲೆ ಮೂಗಿಗೆ ಎರಡೆರಡು ಹನಿಯಂತೆ ಬಿಡಲು ಒಪ್ಪಿದರು. ಒಂಬತ್ತು ದಿನ.

ಇಪ್ಪತ್ತು ದಾಟಿದ್ದರಿಂದ ನಾನು ಚಿಕ್ಕೀರಯ್ಯನಿಗೆ ಹೇಳಬೇಕಿತ್ತು. ಹೇಳಲಿಲ್ಲ. ಊರಿನಲ್ಲಿ ಕೆಮ್ಮು ಗೋಡೆಯೊಳಗೆ ಉಳಿಯುವುದಿಲ್ಲ, ಅವನೇ ಬಂದ. ಮೂಗಿನ ಹನಿ ಬಿಡಲು ಶುರುಮಾಡಿ ಅಂದಿಗೆ ಐದು ದಿನ. ಚಿಕ್ಕೀರಯ್ಯ ಕೆಟ್ಟವನಲ್ಲ. ಸಣ್ಣ ಆಳು, ಮೆತ್ತಗಿನ ಮಾತು, ಅಪ್ಪನಿಂದ ಬಂದ ಕೆಲಸ. ತನ್ನ ಹೆಂಡತಿಯ ಮಂಚಕ್ಕೂ ತಾನೇ ಗೆರೆ ಎಳೆದು, ತಾನೇ ಕೈಹಿಡಿದು ಕಟ್ಟೆಮನೆಗೆ ಬಿಟ್ಟು ಬಂದವನು. ಅಂಥವನ ಮುಂದೆ ಯಾರು ಏನು ಹೇಳಲಾದೀತು? ಅಕ್ಕ ಮಂಚದ ಮೇಲೆ ಕಾಲು ಚಾಚಿ ಕೂತಳು. ಅವನು ಬಗ್ಗಿ ಬೆರಳಸಂದಿಯಿಂದ ಹಿಟ್ಟು ಬಿಡುತ್ತಾ ಸುತ್ತು ಬಂದ. ಗೆರೆ ಸೊಟ್ಟಗಾಯಿತು ಎಂದು ಅಕ್ಕ ಹೇಳಿದಳು. ಅವನು ಸರಿಮಾಡಿದ.

ನಾವು ಮೂವರೂ ನೋಡುತ್ತಾ ಕೂತೆವು. ಹೊರಗೆ ಬಿಸಿಲು ಏರಿತ್ತು. ಹೊಸ್ತಿಲಿನ ಸಂದಿಯಿಂದ ಮೊದಲು ಒಂದು ಬಂತು, ಆಮೇಲೆ ನಾಲ್ಕು, ಆಮೇಲೆ ಸಾಲು. ಹಿಟ್ಟಿನ ಹತ್ತಿರ ಒಂದೂ ನಿಲ್ಲಲಿಲ್ಲ. ಹಿಟ್ಟೆಂಬುದೊಂದು ಇಲ್ಲವೇ ಇಲ್ಲವೆಂಬಂತೆ ದಾಟಿ, ಮಂಚದ ನಾಲ್ಕು ಕಾಲನ್ನೂ ಹತ್ತಿದವು. ಅಕ್ಕನ ಮೂಗಿನ ಕೆಳಗೆ, ತುಟಿಯ ಮೇಲೆ ಓಡಾಡಿದವು. ಅಷ್ಟು ಇರುವೆಯನ್ನು ತಾನು ಯಾವ ಮಂಚದಲ್ಲೂ ಕಂಡಿಲ್ಲ ಎಂದ ಚಿಕ್ಕೀರಯ್ಯ. ಇದು ಮದ್ದಿನ ಸಿಹಿ, ಬೂಷ್ಟಿನದಲ್ಲ ಎಂದು ನಾನು ವಾದ ಮಾಡಿದೆ. ಇರುವೆ ಬಂದರೆ ಕೆಟ್ಟದ್ದೆಂದು ನಂಬಿ ಒಮ್ಮೆ ಕೆಟ್ಟಿದ್ದೇನೆ, ಈಗ ಹಾಗನ್ನಬೇಡ ಎಂದೆ. ಅವನು ಸಾವಧಾನವಾಗಿ ಕೇಳಿ, ಅಷ್ಟು ಸಿಹಿಯಲ್ಲಿ ಬೂಷ್ಟಿನದು ಇಲ್ಲವೆಂದು ಹೇಗೆ ಹೇಳುತ್ತೀ ಎಂದ. ಓಡಿಹೋಗಿ ಡಾಕ್ಟ್ರಮ್ಮನನ್ನು ಕರೆತಂದೆ. ಒಳಗಿರುವುದು ಎರಡೂ ಒಂದೇ ಸಿಹಿ, ಇರುವೆಗೆ ಮದ್ದು ರೋಗದ ಭೇದ ತಿಳಿಯುವುದಿಲ್ಲ ಎಂದರು.

ಅಕ್ಕ ತುಟಿಯ ಮೇಲಿನ ಇರುವೆಗಳನ್ನು ಒರೆಸಿಕೊಂಡು ಕಾಲು ಕೆಳಗಿಟ್ಟಳು.

"ಬುಡ್ಲಾ ಮುದ್ದ. ಮದ್ದೇ ಆದ್ರೆ ಅಲ್ಲೂ ಕೆಲಸ ಮಾಡ್ತದೆ. ಮದ್ದಲ್ದಿದ್ರೆ ಇಲ್ಲಿದ್ದು ನಿನಗ್ಯಾಕೆ ಅಂಟಿಸ್ಲಿ?"

ಎರಡು ಸೀರೆ, ಒಂದು ಕಂಬಳಿ, ಒಂದು ಎಲೆಯಡಿಕೆ ಚೀಲ. ಕೆರೆ ಏರಿಯ ಮೇಲೆ ಅವಳು ಮುಂದೆ, ನಾವು ಮೂವರು ಹಿಂದೆ. ಆಗ ಆರು ಕೋಣೆಯೂ ಖಾಲಿಯಿದ್ದವು. ನೀರು ಹತ್ತಿರವಿರುವ ಕೋಣೆಯನ್ನೇ ಆರಿಸಿ, ಕಸ ಹೊಡೆದು, ಇಷ್ಟು ಚೆನ್ನಾದ ಗಾಳಿ ಇಲ್ಲಿದ್ದದ್ದು ಮೊದಲೇ ಗೊತ್ತಿದ್ದರೆ ಎಂದೋ ಕೆಮ್ಮುತ್ತಿದ್ದೆ ಎಂದಳು.

ಅಲ್ಲಿಂದಾಚೆ ನಾನು ದಿನಾ ಮಧ್ಯಾಹ್ನ ಬುತ್ತಿ ಒಯ್ದು, ಬಾಗಿಲಾಚೆ ಕೂತು, ಇರುವೆ ನೋಡುತ್ತಿದ್ದೆ. ಉಳಿದ ದಿನಗಳ ಹನಿಯನ್ನು ಡಾಕ್ಟ್ರಮ್ಮ ಅಲ್ಲಿಗೇ ಬಂದು ಬಿಟ್ಟರು. ಮೊದಲ ವಾರ ಇರುವೆ ಹೆಚ್ಚಾದವು. ಒಳ್ಳೆಯದೆಂದುಕೊಂಡೆ, ಮರುಗಳಿಗೆ ಕೆಟ್ಟದ್ದೆಂದುಕೊಂಡೆ. ಎರಡನೇ ವಾರ ಕಡಿಮೆಯಾದವು. ಮದ್ದು ಮುಗಿಯಿತೇ, ರೋಗ ಮುಗಿಯಿತೇ, ಇಲ್ಲಾ ಅಕ್ಕನ ಮೈಯಲ್ಲಿ ಇರುವೆಗೂ ಏನೂ ಉಳಿದಿಲ್ಲವೇ? ಅವಳು ಸೊರಗಿ ಕಡ್ಡಿಯಾಗಿದ್ದಳು. ಮೂರನೇ ವಾರ ಮತ್ತೆ ಬಂದವು. ನೋಡಿದರೆ ನಾನೇ ತಂದ ಬುತ್ತಿಯ ತುಪ್ಪ ಮೂರು ದಿನದ್ದು. ಗಾಣದಲ್ಲಿ ಬೀಜ ಹಾಕುವುದು ಮರೆತು ಎತ್ತನ್ನು ಸುಮ್ಮನೆ ಸುತ್ತಿಸಿದ ದಿನಗಳೂ ಉಂಟು. ಡಾಕ್ಟ್ರಮ್ಮ ದಿನಬಿಟ್ಟು ದಿನ ಬಂದು ಅಕ್ಕನ ಕಫವನ್ನು ಬಿಲ್ಲೆಯಲ್ಲಿ ಒಯ್ಯುತ್ತಿದ್ದರು. ಏನಾಯಿತೆಂದರೆ ಇನ್ನೂ ಹೇಳಲಾರೆ ಎನ್ನುತ್ತಿದ್ದರು.

ಹುಚ್ಚೆಳ್ಳು ಕೊಯ್ದು ಕಣಕ್ಕೆ ಬಂದಾಗ ಅಕ್ಕನ ಕೆಮ್ಮು ನಿಂತಿತ್ತು. ಆಕೆಯ ಬಿಲ್ಲೆಯಲ್ಲೂ ಬೂಷ್ಟು ಬೆಳೆಯಲಿಲ್ಲವಂತೆ. ಹಾಗಾದರೆ ಮದ್ದು ಹಿಡಿಯಿತೇ ಎಂದು ಕೇಳಿದೆ. ಒಬ್ಬರಿಂದ ಏನೂ ಹೇಳಲಾಗುವುದಿಲ್ಲ, ಮೈ ತಾನಾಗಿಯೇ ಗೆದ್ದಿರಲೂಬಹುದು ಎಂದರು. ಖುಷಿಯಾಗಿದ್ದರು, ಆದರೂ ಒಪ್ಪಲಿಲ್ಲ.

ಚಿಕ್ಕೀರಯ್ಯನನ್ನು ಕರೆದೆವು. ಕಟ್ಟೆಮನೆಯಲ್ಲಿ ಗೆರೆ ಎಳೆದದ್ದು ಅದೇ ಮೊದಲಂತೆ. ಇರುವೆಗಳು ಬಂದವು, ಹಿಟ್ಟಿನ ಹತ್ತಿರ ನಿಂತವು, ಒಂದೊಂದು ಕಣ ಹೊತ್ತು ಹಿಂತಿರುಗಿದವು. ಅವನು ಗೆರೆಯನ್ನು ಅಳಿಸಿ ಇನ್ನೊಮ್ಮೆ ಎಳೆದ. ಮತ್ತೆ ಅದೇ. ಕುಕ್ಕರಗಾಲಿನಲ್ಲಿ ಕೂತು ತಲೆ ಕೆರೆದುಕೊಂಡ.

"ಈ ಮನೆ ಒಳಕ್ಕೆ ಕರ್ಕಂಡ್ ಬರೋಕೆ ಸಾಸ್ತ್ರ ಐತೆ ಕಣವ್ವ. ಆಚೆಗ್ ಕಳ್ಸೋಕೆ ನಮ್ಮಪ್ಪ ಏನೂ ಹೇಳ್ಕೊಟ್ಟಿಲ್ಲ."

"ನಿಮ್ಮಪ್ಪ ಸತ್ತ, ನಾನು ಸತ್ತಿಲ್ಲ. ದಾರಿ ಬುಡು" ಎಂದು ಅಕ್ಕ ಕಂಬಳಿ ಮಡಚಿದಳು.

ಅವಳು ಊರೊಳಕ್ಕೆ ನಡೆದು ಬಂದಾಗ ಜನ ಬಾಗಿಲಿಗೆ ಬಂದು ನಿಂತರು. ಸಂತೋಷಪಡಬೇಕೋ ಹೆದರಬೇಕೋ ಯಾರಿಗೂ ತಿಳಿದಂತೆ ಕಾಣಲಿಲ್ಲ. ನನಗೂ ತಿಳಿದಿರಲಿಲ್ಲ. ಎಷ್ಟೋ ದಿನ ಅವಳು ನಿದ್ದೆ ಮಾಡುವಾಗ ಮಂಚದ ಕಾಲುಗಳನ್ನು ನೋಡುತ್ತಿದ್ದೆ. ಅವಳು ಕಣ್ಣು ಬಿಡದೆಯೇ ಬೈಯುತ್ತಿದ್ದಳು.

ಈ ವರ್ಷ ಹುಚ್ಚೆಳ್ಳು ಮತ್ತೆ ಹೂಬಿಡುವ ಹೊತ್ತಿಗೆ ಕೆಮ್ಮು ಚಿಕ್ಕೀರಯ್ಯನಿಗೇ ಬಂತು. ಡಾಕ್ಟ್ರಮ್ಮನ ಹೊಸ ಸೀಸೆ ಸಿದ್ಧವಾಗಿತ್ತು, ಈ ಸಲ ಬೇಯಿಸಿದ್ದಕ್ಕೂ ಪತ್ರ ತಂದಿದ್ದರು. ಮೂಗಿನ ಹನಿ ಶುರುವಾಗಿ ಆರು ದಿನವಾಗಿತ್ತು. ಇಪ್ಪತ್ತನೆಯ ದಿನ ಬೆಳಿಗ್ಗೆ ಅವನು ಹಿಟ್ಟಿನ ಬಟ್ಟಲು ಹಿಡಿದು ನಮ್ಮ ಗಾಣಮನೆಗೆ ಬಂದ. ತನ್ನ ಮಂಚಕ್ಕೆ ತಾನೇ ಗೆರೆ ಎಳೆಯಬಾರದಂತೆ. ಅದಕ್ಕೇ ಅಕ್ಕನನ್ನು ಕೇಳಲು ಬಂದಿದ್ದ. ಕಟ್ಟೆಮನೆಯಿಂದ ತಿರುಗಿ ಬಂದವಳು ಊರಿನಲ್ಲಿ ಅವಳೊಬ್ಬಳೇ. ಇರುವೆ ಮದ್ದಿಗೆ ಬಂತೋ ರೋಗಕ್ಕೆ ಬಂತೋ, ಗೊತ್ತಿದ್ದರೆ ಅವಳಿಗೇ ಗೊತ್ತಿರಬೇಕು ಎಂದ.

ಅಕ್ಕ ಹಿಂಡಿ ತೂಗುವುದನ್ನು ಬಿಟ್ಟು ಬಟ್ಟಲು ತೆಗೆದುಕೊಂಡು ಅವನ ಮನೆಗೆ ನಡೆದಳು. ನಾನೂ ಹೋದೆ. ಅವನು ಮಂಚದ ಮೇಲೆ ಕೂತು, ಕಾಲು ಒಳಕ್ಕೆಳೆದುಕೊಂಡ. ಅಕ್ಕ ಬಗ್ಗಿ, ಬೆರಳಸಂದಿಯಿಂದ ಹಿಟ್ಟು ಬಿಡುತ್ತಾ, ನಿಧಾನವಾಗಿ ಸುತ್ತು ಬಂದಳು. ಗೆರೆ ಬಹಳ ನೇರವಾಗಿತ್ತು. ಹೊಸ್ತಿಲಿನ ಕಡೆಗೆ ಬಂದಾಗ ಒಂದು ಗೇಣಿನಷ್ಟು ಜಾಗ ಬಿಟ್ಟು, ಬಟ್ಟಲನ್ನು ನೆಲಕ್ಕೆ ಬೋರಲು ಹಾಕಿ ಎದ್ದು ನಿಂತಳು.

ಅಲ್ಲಿ ಕೂಡಿಲ್ಲ ಎಂದು ಚಿಕ್ಕೀರಯ್ಯ ತೋರಿಸಿದ. ಗೊತ್ತು ಎಂದಳು ಅಕ್ಕ.

ಸ್ವಲ್ಪ ಹೊತ್ತಿಗೆ ಇರುವೆಗಳು ಬಂದವು. ಕೆಲವು ಹಿಟ್ಟಿನ ತುದಿಯಲ್ಲಿ ನಿಂತು ಕಣ ಹೊತ್ತವು. ಕೆಲವು ಆ ಗೇಣು ಜಾಗದಿಂದ ಒಳಗೆ ಹೋದವು, ಕೆಲವು ಅದೇ ಜಾಗದಿಂದ ಹೊರಗೆ ಬಂದವು. ನಾವು ಮೂವರೂ ನೆಲಕ್ಕೆ ಬಗ್ಗಿ ನೋಡಿದೆವು. ಹಿಟ್ಟು ದಾಟಿದ್ದು ಒಂದೂ ಇಲ್ಲ, ಯಾವುದು ಯಾತಕ್ಕೆ ಬಂತೆಂದು ಹೇಳಲೂ ಯಾರಿಗೂ ಆಗಲಿಲ್ಲ. ಚಿಕ್ಕೀರಯ್ಯ ಬಹಳ ಹೊತ್ತು ನೋಡಿ, ಕೊನೆಗೆ ಕಾಲು ಚಾಚಿ, ತನ್ನ ಮನೆಯಲ್ಲೇ, ತನ್ನ ಮಂಚದ ಮೇಲೆಯೇ ಮಲಗಿಕೊಂಡ.